ಎಚ್‌ಆರ್ ಸಂಘಕ್ಕೆ ಸಿಇಒ ಬೇಕೆ? ಜಾಹೀರಾತಿಗೂ ಮೊದಲು ಒಂದು ಹಾಳೆ ಬರೆಯಿರಿ

ಅದು ಎಚ್‌ಆರ್‌ನವರ, ಅಂದರೆ ಮಾನವ ಸಂಪನ್ಮೂಲ ವಿಭಾಗದವರ ಸಂಘ. ಕಂಪನಿಗಳಿಗೆ ಸಾವಿರಾರು ಜನರನ್ನು ಆರಿಸಿ ಕೊಟ್ಟವರೇ ಸೇರಿ ಕಟ್ಟಿದ್ದು. ಆದರೂ ಅವರು ಹುಡುಕಿ ತಂದ ಸಿಇಒ ಎಂಟೇ ತಿಂಗಳಿಗೆ ರಾಜೀನಾಮೆ ಕೊಟ್ಟು ಹೋದರು. ಆಮೇಲೆ ನಾನು ಇನ್ನೆರಡು ಸಂಘಗಳ ಆಯ್ಕೆ ಸಮಿತಿಯಲ್ಲಿ ಕೂತೆ. ಅಲ್ಲೂ ಅದೇ ತಪ್ಪು ಆಗುವುದನ್ನು ಹತ್ತಿರದಿಂದ ಕಂಡೆ. ಬಂದವರು ಅಸಮರ್ಥರೇನೂ ಆಗಿರಲಿಲ್ಲ. ಯಾವ ವಿಷಯವನ್ನು ಅವರೇ ತೀರ್ಮಾನಿಸಬಹುದು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ.

ನಮ್ಮ ದೇಶದಲ್ಲಿ ಈ ವೃತ್ತಿಯವರ ಸಂಘಗಳು ಹೊಸವೇನಲ್ಲ. ಕೋಲ್ಕತ್ತ ಮತ್ತು ಮುಂಬೈಯ ಎರಡು ಹಳೆಯ ಸಂಸ್ಥೆಗಳು 1980ರಲ್ಲಿ ಒಂದಾಗಿ ಎನ್‌ಐಪಿಎಂ (ರಾಷ್ಟ್ರೀಯ ಸಿಬ್ಬಂದಿ ನಿರ್ವಹಣಾ ಸಂಸ್ಥೆ) ಆಯಿತು. ನ್ಯಾಷನಲ್ ಎಚ್‌ಆರ್‌ಡಿ ನೆಟ್‌ವರ್ಕ್ ಶುರುವಾದದ್ದು 1985ರಲ್ಲಿ. ಇಂಥ ಸಂಘಗಳ ರಚನೆಯೇ ಕಂಪನಿಗಿಂತ ಬೇರೆ. ಅಧ್ಯಕ್ಷರು, ಖಜಾಂಚಿ ಎಲ್ಲರೂ ಚುನಾಯಿತರು. ಸಂಬಳ ಇಲ್ಲ, ಹಗಲಿಗೆ ಬೇರೆ ಕಡೆ ನೌಕರಿ. ಊರೂರಿನಲ್ಲಿ ಚಾಪ್ಟರ್‌ಗಳು, ಅಂದರೆ ಶಾಖೆಗಳು, ಅವಕ್ಕೂ ಅವರದೇ ಸಮಿತಿ. ಇಷ್ಟು ಜನರ ನಡುವೆ ಸಂಬಳಕ್ಕೆ ಕೂತ ಸಿಇಒಗೆ ಕೆಲವು ವರ್ಷಕ್ಕೊಮ್ಮೆ ಹೊಸ ಯಜಮಾನರು ಬರುತ್ತಾರೆ.

ಮೊದಲು ಬೈಲಾ ಓದಿ

ಬೈಲಾ ಅಂದರೆ ಸಂಘದ ನಿಯಮಾವಳಿ. ಓದುವುದು ಅರ್ಧ ಗಂಟೆಯ ಕೆಲಸ. ನೇಮಕದ ಅಧಿಕಾರ ಯಾರಿಗಿದೆ, ಸಿಇಒ ಎಂಬ ಹುದ್ದೆ ಬೈಲಾದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಮಾಡಿಸಿಕೊಂಡೇ ಮುಂದೆ ಹೋಗಿ.

ಈಗ ಆ ಹಾಳೆ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಹುದ್ದೆಯ ವಿವರಣೆ ಬರೆದಿದ್ದೇವಲ್ಲ ಸಾಕು ಅನ್ನುತ್ತಾರೆ. ಸಾಕಾಗುವುದಿಲ್ಲ. ವಿವರಣೆಯಲ್ಲಿ ಇರುವುದು ಮಾಡಬೇಕಾದ ಕೆಲಸಗಳ ಪಟ್ಟಿ. ನಿಮಗೆ ಬೇಕಿರುವುದು ಅಧಿಕಾರದ ಹಾಳೆ.

ಒಂದು ಹಾಳೆಯಲ್ಲಿ ಮೂರು ಮನೆ ಮಾಡಿ. ಒಂದರಲ್ಲಿ ಸಿಇಒ ಒಬ್ಬರೇ ತೀರ್ಮಾನಿಸುವ ವಿಷಯಗಳು. ಇನ್ನೊಂದರಲ್ಲಿ ಅಧ್ಯಕ್ಷರಿಗೆ ಒಂದು ಮಾತು ಹೇಳಿ ಮಾಡುವಂಥವು. ಮೂರನೆಯದರಲ್ಲಿ ಕಾರ್ಯಕಾರಿ ಸಮಿತಿಗೇ ಬರಬೇಕಾದವು. ಈಗ ಸಂಘದ ಕಳೆದ ಒಂದು ವರ್ಷದ ಸಭೆಗಳ ನಡಾವಳಿ ತೆಗೆದು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಚರ್ಚೆಗೆ ಬಂದ ಒಂದೊಂದೇ ವಿಷಯವನ್ನು ಎತ್ತಿ ಯಾವ ಮನೆಗೆ ಸೇರುತ್ತದೆ ಎಂದು ಕೇಳಿ. ಜಗಳ ಆಗುತ್ತದೆ. ಆಗಲಿ, ಸಿಇಒ ಬಂದ ಮೇಲೆ ಆಗುವುದಕ್ಕಿಂತ ಈಗ ಆಗುವುದೇ ವಾಸಿ.

ಈ ಹಾಳೆಯಲ್ಲಿ ಬಿಡಬಾರದ ವಿಷಯಗಳು ನಾಲ್ಕು. ಮೊದಲನೆಯದು ದುಡ್ಡು. ಎಷ್ಟರವರೆಗೆ ಅವರ ಒಂದೇ ಸಹಿ ಸಾಕು? ಮೊತ್ತವನ್ನು ಅಂಕಿಯಲ್ಲಿ ಬರೆಯಿರಿ. ‘ಸಣ್ಣಪುಟ್ಟ ಖರ್ಚು’ ಅಂತ ಬರೆದರೆ ಪ್ರಿಂಟರ್ ರಿಪೇರಿಗೂ ಖಜಾಂಚಿಯ ಫೋನ್‌ಗೆ ಕಾಯಬೇಕಾಗುತ್ತದೆ.

ಎರಡನೆಯದು ಕಚೇರಿ ಸಿಬ್ಬಂದಿ. ಎಂಟು ತಿಂಗಳಿಗೆ ಹೋದರು ಅಂದೆನಲ್ಲ, ಅವರನ್ನು ಸೋಲಿಸಿದ್ದು ಇದೇ. ಚಾಪ್ಟರ್ ಅಧ್ಯಕ್ಷರೊಬ್ಬರು ಸದಸ್ಯತ್ವ ವಿಭಾಗದ ಹುಡುಗಿಗೆ ನೇರ ಫೋನ್ ಮಾಡಿ ಪಟ್ಟಿ ಕೇಳುತ್ತಿದ್ದರು. ಮಾಜಿ ಅಧ್ಯಕ್ಷರೊಬ್ಬರು ಸಮಾವೇಶದ ಕೆಲಸವನ್ನು ತಮ್ಮ ಪರಿಚಯದ ನೌಕರನಿಗೇ ಕೊಡಿಸುತ್ತಿದ್ದರು. ಸಿಇಒಗೆ ಗೊತ್ತಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತಿತ್ತು. ಆ ಹುಡುಗಿ ಪಾಪ ಯಾರ ಮಾತು ಕೇಳಬೇಕು? ಸಿಬ್ಬಂದಿಯ ನೇಮಕ, ಇನ್‌ಕ್ರಿಮೆಂಟ್, ಕೆಲಸ ಹಂಚುವುದು ಪೂರ್ತಿ ಸಿಇಒ ಕೈಯಲ್ಲಿರಲಿ. ಪದಾಧಿಕಾರಿಗಳು ಏನಿದ್ದರೂ ಸಿಇಒ ಮೂಲಕವೇ ಕೇಳಲಿ. ಇದರಲ್ಲಿ ರಿಯಾಯಿತಿ ಬೇಡವೇ ಬೇಡ.

ಮೂರನೆಯದು ಸಂಘದ ಪರವಾಗಿ ಮಾತನಾಡುವವರು ಯಾರು ಎಂಬುದು. 2025ರ ನವೆಂಬರ್ 21ರಂದು 29 ಕಾರ್ಮಿಕ ಕಾನೂನುಗಳ ಜಾಗಕ್ಕೆ 4 ಸಂಹಿತೆಗಳು ಜಾರಿಗೆ ಬಂದವು. ಅಂಥ ದಿನ ಸಂಜೆಯೊಳಗೆ ಪತ್ರಿಕೆಯವರ ಫೋನ್ ಬರುತ್ತದೆ. ಸದಸ್ಯರಲ್ಲಿ ಕಾರ್ಖಾನೆಯ ಎಚ್‌ಆರ್ ಇದ್ದಾರೆ, ಸಾಫ್ಟ್‌ವೇರ್‌ನವರಿದ್ದಾರೆ, ಕನ್ಸಲ್ಟೆಂಟ್‌ಗಳಿದ್ದಾರೆ. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ನನ್ನ ಪ್ರಕಾರ, ಕಾನೂನು ಏನು ಹೇಳುತ್ತದೆ ಎಂದು ವಿವರಿಸುವುದು ಸಿಇಒ ಕೆಲಸ. ಸಂಘದ ನಿಲುವು ಏನೆಂದು ಹೇಳುವುದು ಅಧ್ಯಕ್ಷರ ಕೆಲಸ.

ನಾಲ್ಕನೆಯದು ಚಾಪ್ಟರ್‌ಗಳ ಹಣ. ಸದಸ್ಯತ್ವ ಶುಲ್ಕದಲ್ಲಿ ಕೇಂದ್ರ ಕಚೇರಿಗೆ ಎಷ್ಟು, ಚಾಪ್ಟರ್‌ಗೆ ಎಷ್ಟು, ಲೆಕ್ಕ ಕೊಡದ ಚಾಪ್ಟರ್‌ಗೆ ನೋಟಿಸ್ ಕೊಡುವುದು ಯಾರು? ಚುನಾಯಿತರಿಗೆ ನೋಟಿಸ್ ಕೊಡುವ ಕೆಲಸವನ್ನು ಸಂಬಳದವರ ಹೆಗಲಿಗೆ ಹಾಕಬೇಡಿ. ಲೆಕ್ಕ ಬಂದಿಲ್ಲ ಎಂದು ಸಿಇಒ ವರದಿ ಕೊಡಲಿ, ಪತ್ರಕ್ಕೆ ಸಹಿ ಖಜಾಂಚಿಯದಿರಲಿ.

ಹಾಳೆ ಮುಗಿದ ಮೇಲೆ ಕಾರ್ಯಕಾರಿ ಸಮಿತಿಯ ಎಲ್ಲರ ಸಹಿ ಹಾಕಿಸಿ, ನಿರ್ಣಯ ಮಾಡಿ ನಡಾವಳಿಯಲ್ಲಿ ಸೇರಿಸಿ. ಹಾಗೆ ಮಾಡಿದರೆ ಮುಂದೆ ಬರುವ ಅಧ್ಯಕ್ಷರು ಅದನ್ನು ಬದಲಿಸಬೇಕಾದರೂ ಸಭೆಗೆ ತಂದೇ ಬದಲಿಸಬೇಕು. ಕೊನೆಯ ಸುತ್ತಿಗೆ ಬಂದ ಅಭ್ಯರ್ಥಿಗಳಿಗೂ ಒಂದೊಂದು ಪ್ರತಿ ಕೊಡಿ. ಅದನ್ನು ಓದಿ ಪ್ರಶ್ನೆ ಕೇಳುವವರ ಕಡೆಗೆ ನನ್ನ ಒಲವು ಜಾಸ್ತಿ.

ಆಯ್ಕೆ ಸಮಿತಿ

ಐದು ಜನ ಸಾಕು. ಅದರಲ್ಲಿ ಒಬ್ಬರು ಎಚ್‌ಆರ್ ಅಲ್ಲದವರು ಇರಲಿ. ಲೆಕ್ಕಪರಿಶೋಧಕರಾದರೆ ಒಳ್ಳೆಯದು. ಕಾರ್ಯಕಾರಿ ಸಮಿತಿಯಲ್ಲಿ ಇದ್ದುಕೊಂಡೇ ಈ ಹುದ್ದೆಗೆ ಆಸೆಪಡುವವರು ಇರುತ್ತಾರೆ. ಆಸೆ ತಪ್ಪಲ್ಲ. ಆದರೆ ಅವರು ಜಾಹೀರಾತು ಹೊರಡುವ ಮೊದಲೇ ಪದವಿ ಬಿಡಬೇಕು. ರಿಕ್ರೂಟ್‌ಮೆಂಟ್ ಏಜೆನ್ಸಿ ನಡೆಸುವ ಸದಸ್ಯರು ‘ನಾನೇ ಹುಡುಕಿ ಕೊಡ್ತೀನಿ, ಫೀಸ್ ಬೇಡ’ ಎಂದರೆ ಕೈಮುಗಿದು ಬೇಡ ಎನ್ನಿ. ಹೊರಗಿನ ಸರ್ಚ್ ಫರ್ಮ್ ಮೊದಲ ವರ್ಷದ ಸಂಬಳದ ಕಾಲು ಭಾಗ, ಕೆಲವೊಮ್ಮೆ ಮೂರನೇ ಒಂದು ಭಾಗ ಕೇಳುತ್ತದೆ. ಕೈಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಎಲ್ಲ ಚಾಪ್ಟರ್‌ಗಳಿಗೂ ಒಂದೇ ದಿನ ಜಾಹೀರಾತು ಕಳಿಸಿ, ಪತ್ರಿಕೆಯಲ್ಲೂ ಹಾಕಿಸಿ.

ಇಡೀ ಜೀವನ ಎಚ್‌ಆರ್‌ನಲ್ಲೇ ಕಳೆದವರೇ ಬೇಕೆಂದು ಹಟ ಹಿಡಿಯಬೇಡಿ. ಅಮೆರಿಕದ ಎಚ್‌ಆರ್ ಸಂಘವಾದ ಎಸ್‌ಎಚ್‌ಆರ್‌ಎಂ 2017ರಲ್ಲಿ ಸಿಇಒ ಆಗಿ ಆರಿಸಿದ ಜಾನಿ ಟೇಲರ್ ವಕೀಲಿ ಓದಿದವರು. ಬ್ರಿಟನ್ನಿನ ಅಂಥದೇ ಸಂಘ ಸಿಐಪಿಡಿಗೆ 2012ರಲ್ಲಿ ಸಿಇಒ ಆಗಿ ಬಂದ ಪೀಟರ್ ಚೀಸ್ ಬಹುಕಾಲ ಆಕ್ಸೆಂಚರ್ ಎಂಬ ಸಲಹಾ ಕಂಪನಿಯಲ್ಲಿ ಇದ್ದವರು.

ಸಂದರ್ಶನ

ಎಚ್‌ಆರ್‌ನವರಿಗೆ ಇದು ಗೊತ್ತಿರುವ ವಿದ್ಯೆ. ಆದರೂ ತಮ್ಮ ಸಂಘದ ವಿಷಯ ಬಂದಾಗ ಕಾಫಿ ಕುಡಿಯುತ್ತಾ ಹಳೆಯ ಪರಿಚಯ ಮಾತಾಡಿ ಮುಗಿಸುವುದನ್ನು ನೋಡಿದ್ದೇನೆ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ. ಒಬ್ಬರಿಗೊಬ್ಬರು ಮಾತಾಡುವ ಮೊದಲೇ ಅಂಕ ಬರೆದುಬಿಡಿ. 2022ರಲ್ಲಿ ಮನೋವಿಜ್ಞಾನಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳ ಲೆಕ್ಕವನ್ನು ಮತ್ತೆ ಹಾಕಿದಾಗ, ಕೆಲಸದಲ್ಲಿ ಯಾರು ಗೆಲ್ಲುತ್ತಾರೆ ಎಂದು ಹೇಳುವುದರಲ್ಲಿ ಇಂಥ ಶಿಸ್ತಿನ ಸಂದರ್ಶನವೇ ಎಲ್ಲಕ್ಕಿಂತ ಮುಂದೆ ಬಂತು. ಜೊತೆಗೆ ಸಂಘದ ಹಿಂದಿನ ವರ್ಷದ ಆಡಿಟ್ ವರದಿ ಕೈಗೆ ಕೊಟ್ಟು, 20 ನಿಮಿಷ ಬಿಟ್ಟು, ‘ಏನು ಕಂಡಿತು?’ ಎಂದು ಕೇಳಿ.

ಮೈಯರ್ಸ್-ಬ್ರಿಗ್ಸ್ ಥರ ಜನರನ್ನು 16 ಬಗೆಗೆ ಹಂಚುವ ವ್ಯಕ್ತಿತ್ವ ಪರೀಕ್ಷೆಗೆ ಸುಮ್ನೆ ದುಡ್ಡು ಹಾಕಬೇಡಿ. ನೇಮಕಾತಿಗೆ ಅದನ್ನು ಬಳಸಬಾರದು ಎಂದು ಅದನ್ನು ಮಾರುವ ಕಂಪನಿಯೇ ಹೇಳುತ್ತದೆ.

ವಿಚಾರಿಸುವುದು, ಆರ್ಡರ್ ಕೊಡುವುದು

ಅಭ್ಯರ್ಥಿಯ ಒಪ್ಪಿಗೆ ಪಡೆದು, ಅವರ ಕೈಕೆಳಗೆ ಕೆಲಸ ಮಾಡಿದ ಇಬ್ಬರ ಹತ್ತಿರ ಫೋನ್‌ನಲ್ಲಿ ಮಾತಾಡಿ. ಮೇಲಿನವರ ಶಿಫಾರಸು ಪತ್ರಕ್ಕಿಂತ ಇದು ಹೆಚ್ಚು ಹೇಳುತ್ತದೆ. ಮೂರು ವರ್ಷದ ಒಪ್ಪಂದ ಸರಿಹೋಗುತ್ತದೆ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ, ಅದನ್ನೂ ಬಜೆಟ್‌ನಲ್ಲಿ ಇಡಿ. ಕೆಲಸ ಬಿಟ್ಟ ಮೇಲೆ ಇನ್ನೊಂದು ಸಂಘ ಸೇರಬಾರದು ಎಂದು ಷರತ್ತು ಹಾಕಿಸುವವರಿದ್ದಾರೆ. 1872ರ ಕರಾರು ಕಾಯ್ದೆಯ 27ನೇ ಕಲಂ ಮುಂದೆ ಅದು ನಿಲ್ಲುವುದಿಲ್ಲ. ಅದರ ಬದಲು ಮೂರು ತಿಂಗಳ ನೋಟಿಸ್ ಅವಧಿ ಇಡಿ. ಅಧಿಕಾರದ ಹಾಳೆಯನ್ನು ನೇಮಕಾತಿ ಪತ್ರದ ಜೊತೆಗೇ ಲಗತ್ತಿಸಿ.

ಸಿಇಒ ಬಂದ ಮೊದಲ ದಿನ ಅಧ್ಯಕ್ಷರು ಒಂದು ದಿನ ರಜೆ ಹಾಕಿಯಾದರೂ ಕಚೇರಿಗೆ ಬರಬೇಕು. ಸಿಬ್ಬಂದಿಯನ್ನೆಲ್ಲ ಕೂರಿಸಿ, ಚಾಪ್ಟರ್ ಅಧ್ಯಕ್ಷರನ್ನು ವಿಡಿಯೊದಲ್ಲಿ ಸೇರಿಸಿಕೊಂಡು, ಆ ಹಾಳೆಯನ್ನು ತಾವೇ ಓದಿ ಹೇಳಬೇಕು. ಸದಸ್ಯತ್ವ ವಿಭಾಗದ ಹುಡುಗಿಗೂ ಅದು ಕೇಳಿಸಬೇಕು.