ಡಿಸ್ಕವರಿ 4: ಕೆಸರಿಗೆ ಇಳಿಯುವ ಮುಂಚೆ ಏರ್ ಸಸ್ಪೆನ್ಷನ್ ಎತ್ತುವುದು ಹೇಗೆ

ಲ್ಯಾಂಡ್ ರೋವರ್ ಡಿಸ್ಕವರಿ 4ರಲ್ಲಿ ಏರ್ ಸಸ್ಪೆನ್ಷನ್ನಿನ ಚಿಕ್ಕ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದರೆ ಗಾಡಿ ಎಷ್ಟು ಏಳುತ್ತದೆ ಗೊತ್ತಾ? ಮೂರು ಬೆರಳು. ಲೆಕ್ಕದಲ್ಲಿ ಹೇಳಿದರೆ 55 ಮಿ.ಮೀ. ಮಾಮೂಲಿಯಾಗಿ 185 ಮಿ.ಮೀ. ಇರುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, 240 ಆಗುತ್ತದೆ. ಕೇಳಿದವರಿಗೆ ಇಷ್ಟೇನಾ ಅನಿಸುತ್ತದೆ. ಆದರೆ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದೊಳಗೆ, ಟ್ರ್ಯಾಕ್ಟರ್ ಓಡಾಡಿ ಓಡಾಡಿ ಕೊರೆದ ಜಾಡಿನಲ್ಲಿ ಒಮ್ಮೆ ಹೋಗಿ ನೋಡಿ. ಸಂಜೆಗೆ ಮನೆ ಸೇರುವುದೋ ಅಥವಾ ಅದೇ ಟ್ರ್ಯಾಕ್ಟರಿನವನಿಗೆ ಫೋನ್ ಮಾಡುವುದೋ ಅನ್ನುವುದು ಆ ಮೂರು ಬೆರಳಿನಲ್ಲೇ ತೀರ್ಮಾನ ಆಗಿಬಿಡುತ್ತದೆ.

ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಈಗ ಇಂಥ ಹಳೇ ಡಿಸ್ಕವರಿಗಳು ಒಂದು ಹೊಸ ಥಾರ್ ಬೆಲೆಯ ಆಸುಪಾಸಿಗೆ ಸಿಗುತ್ತವೆ ಅಂತ ಕೊಂಡವರು ಸುಮಾರು ಜನ ಇದ್ದಾರೆ. ಕೊಂಡ ಮೇಲೆ ಆ ಸ್ವಿಚ್ಚನ್ನು ಪಾರ್ಕಿಂಗಿನಲ್ಲಿ ನೆಂಟರಿಗೆ ತೋರಿಸಲು ಬಳಸುತ್ತಾರೆಯೇ ಹೊರತು ಬೇಕಾದ ಜಾಗದಲ್ಲಿ ಬಳಸುವುದಿಲ್ಲ. ನಾನೂ ಹಾಗೇ ಇದ್ದೆ.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ, ಇಲ್ಲದಿದ್ದರೆ ಮುಂದಿನದು ಸುಮ್ನೆ ಉರು ಹೊಡೆದ ಹಾಗಾಗುತ್ತದೆ. ಇದರಲ್ಲಿ ಕಬ್ಬಿಣದ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರಕ್ಕೂ ಒಂದೊಂದು ರಬ್ಬರಿನ ಗಾಳಿಚೀಲ. ಗಾಡಿಯ ಅಡಿಯಲ್ಲಿ ಒಂದು ಕಂಪ್ರೆಸರ್, ಪಕ್ಕದಲ್ಲಿ ಗಾಳಿ ತುಂಬಿಟ್ಟುಕೊಳ್ಳುವ ಟ್ಯಾಂಕ್. ಪ್ರತಿ ಚಕ್ರದ ಹತ್ತಿರ ಒಂದು ಹೈಟ್ ಸೆನ್ಸರ್. ಅದರ ಪುಟ್ಟ ಕಡ್ಡಿ ಸಸ್ಪೆನ್ಷನ್ ತೋಳಿಗೆ ಸೇರಿಕೊಂಡು, ಗಾಡಿ ಎಷ್ಟು ಎತ್ತರದಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ನೀವು ಸ್ವಿಚ್ ತಳ್ಳಿದಾಗ ಟ್ಯಾಂಕಿನ ಗಾಳಿ ಚೀಲಕ್ಕೆ ನುಗ್ಗುತ್ತದೆ. ಮೊದಲು ಹಿಂಭಾಗ ಏಳುತ್ತದೆ, ಆಮೇಲೆ ಮುಂಭಾಗ. ಇಳಿಯುವಾಗ ಉಲ್ಟಾ, ಮುಂದಿನದು ಮೊದಲು. ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಹಿಂದೆ ಎದ್ದು ಮುಂದೆ ಏಳದೆ ಒಂದು ಕ್ಷಣ ನಿಂತರೆ ಕೆಟ್ಟಿದೆ ಅಂತ ಗಾಬರಿ ಬೇಡ.

ಇನ್ನೊಂದು ವಿಷಯ. ಜಿಮ್ನಿಯಂಥ ಗಾಡಿಗಳಲ್ಲಿ ಎಡ ಬಲ ಚಕ್ರದ ನಡುವೆ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ. ಅಲ್ಲಿ ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಬಾಡಿ ಮಾತ್ರ ಮೇಲೆ ಹೋಗುತ್ತದೆ, ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಡಬ್ಬಿ) ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬೇಕಾದರೆ ದೊಡ್ಡ ಟೈರೇ ಗತಿ. ಡಿಸ್ಕವರಿಯಲ್ಲಿ ನಾಲ್ಕೂ ಚಕ್ರ ಬಿಡಿ ಬಿಡಿ, ಡಿಫರೆನ್ಷಿಯಲ್ ಷಾಸಿಗೆ ಅಂಟಿಕೊಂಡಿದೆ. ಹಾಗಾಗಿ ಗಾಡಿ ಎದ್ದರೆ ಹೊಟ್ಟೆಯಡಿಯ ಸಾಮಾನೆಲ್ಲ ಒಟ್ಟಿಗೆ ಮೇಲೆ ಏಳುತ್ತದೆ. ಈ ಏರ್ ಸಸ್ಪೆನ್ಷನ್ನಿನ ನಿಜವಾದ ಲಾಭ ಇದೇ, ಇದನ್ನು ಯಾರೂ ಹೇಳುವುದೇ ಇಲ್ಲ.

ಹೊರಡುವ ಹಿಂದಿನ ರಾತ್ರಿ ಮಾಡಬೇಕಾದ ಕೆಲಸ ಒಂದಿದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಟೇಪು ತಗೊಂಡು ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಆರ್ಚಿನ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುಂಚೆ ಮತ್ತೆ ಅಳೆಯಿರಿ. ಎಲ್ಲ ಕಡೆ ಒಂದೇ ಥರ ಚೂರು ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಮೂಲೆ ಕುಸಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಆಮೇಲೆ ಎಂಜಿನ್ ಹಾಕಿ ಆಫ್-ರೋಡ್ ಎತ್ತರಕ್ಕೆ (ಅದೇ 240 ಮಿ.ಮೀ.) ಏರಿಸಿ, ಎಷ್ಟು ಸೆಕೆಂಡು ತೆಗೆದುಕೊಂಡಿತು ಅಂತ ಮೊಬೈಲಿನಲ್ಲಿ ನೋಡಿ. ನನ್ನ ಗಾಡಿಗೆ ಟ್ಯಾಂಕ್ ತುಂಬಿದ್ದಾಗ 20 ಸೆಕೆಂಡಿನ ಆಸುಪಾಸು. ನಿಮ್ಮದು ಎಷ್ಟೇ ಇರಲಿ, ಆ ನಂಬರ್ ನೆನಪಿಟ್ಟುಕೊಳ್ಳಿ. ಮುಂದೊಂದು ದಿನ ಅದು ಎರಡರಷ್ಟಾದರೆ ಕಂಪ್ರೆಸರ್ ಸುಸ್ತಾಗಿದೆ ಅಂತ ಅರ್ಥ.

ಇನ್ನು ಎತ್ತುವ ವಿಷಯ. ಎಂಜಿನ್ ಓಡುತ್ತಿರಬೇಕು. ಬಾಗಿಲೆಲ್ಲ ಮುಚ್ಚಿರಬೇಕು. ನಿಂತಲ್ಲೇ ಎತ್ತಬಹುದು, ನಿಧಾನಕ್ಕೆ ಹೋಗುತ್ತಲೂ ಎತ್ತಬಹುದು. ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ತಳ್ಳಿ ಬಿಡಿ. ಪೂರ್ತಿ ಏರುವ ತನಕ ಕಾಯಿರಿ. ಆಮೇಲೆ ಲೋ ರೇಂಜ್, ಅಂದರೆ ನಿಧಾನಕ್ಕೆ ಜಾಸ್ತಿ ಬಲದಲ್ಲಿ ಎಳೆಯುವ ಗೇರು. ಗೇರ್ ನ್ಯೂಟ್ರಲ್‌ಗೆ ತಂದು, ಗಾಡಿ ನಿಲ್ಲಿಸಿ, ಹಾಕಿ. ಅದಾದ ಮೇಲೆ ಟೆರೇನ್ ರೆಸ್ಪಾನ್ಸ್ ಗುಂಡಿ (ಎಂಥ ನೆಲ ಅಂತ ಗಾಡಿಗೆ ಹೇಳುವ ಗುಂಡಿ) ತಿರುಗಿಸಿ ಮಡ್-ರಟ್ಸ್, ಅಂದರೆ ಕೆಸರು-ಜಾಡು, ಇಡಿ. ಲೋ ರೇಂಜಿನಲ್ಲಿ ಮಡ್-ರಟ್ಸ್ ಅಥವಾ ರಾಕ್ ಕ್ರಾಲ್ ಹಾಕಿದರೆ ಗಾಡಿ ತಾನಾಗಿಯೇ ಏಳುತ್ತದೆ, ಆದರೂ ನಾನು ಮೊದಲು ಕೈಯಾರೆ ಎತ್ತಿಕೊಳ್ಳುತ್ತೇನೆ. ಎದ್ದಿದ್ದು ಕಣ್ಣಿಗೆ ಕಂಡರೆ ಒಂದು ಸಮಾಧಾನ, ಅಲ್ವಾ.

ಮುಖ್ಯ ಮಾತು ಇದು: ಕಷ್ಟದ ಜಾಗ ಬರುವ ಮುಂಚೆಯೇ ಎತ್ತಿ. ಎತ್ತದೆ ಹೋಗಿ ಕೂತರೆ ಏನಾಗುತ್ತದೆ ಅಂತ ನನ್ನದೇ ಕಥೆ ಹೇಳುತ್ತೇನೆ.

ಆಗಸ್ಟ್ ತಿಂಗಳು, ಗೆಳೆಯನ ತೋಟ. ಅವನೇ ಪಕ್ಕದಲ್ಲಿ ಕೂತಿದ್ದ. ಜಾಡು ಶುರುವಾಗುವಲ್ಲಿ ನೋಡಿದೆ, ಅಷ್ಟೇನೂ ಆಳ ಇಲ್ಲ ಅನಿಸಿತು. ಮಾಮೂಲಿ ಎತ್ತರದಲ್ಲೇ ಇಳಿಸಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಅಡಿಯಿಂದ ಸರ್‍ರ್ ಅಂತ ಉಜ್ಜಿದ ಸದ್ದು, ಗಾಡಿ ನಿಂತೇಹೋಯಿತು. ಚಕ್ರಗಳು ಎರಡು ಚರಂಡಿಯಂಥ ಜಾಡಿನಲ್ಲಿ, ಹೊಟ್ಟೆ ನಡುವಿನ ಮಣ್ಣಿನ ದಿಬ್ಬದ ಮೇಲೆ. ಆಕ್ಸಿಲರೇಟರ್ ಒತ್ತಿದರೆ ಕೆಸರು ಕಿಟಕಿಗೆ ಹಾರುತ್ತದೆ, ಗಾಡಿ ಅಲ್ಲೇ. ಸರಿ, ಈಗಲಾದರೂ ಎತ್ತೋಣ ಅಂತ ಸ್ವಿಚ್ ತಳ್ಳಿದೆ. ಏಳಲಿಲ್ಲ. ಇನ್ನೊಮ್ಮೆ ತಳ್ಳಿದೆ. ಇಲ್ಲ. ಕಂಪ್ರೆಸರ್ ಹೋಯಿತು, ಸಾವಿರಗಟ್ಟಲೆ ಖರ್ಚು ಬಂತು ಅಂತ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾ ಪಕ್ಕಕ್ಕೆ ತಿರುಗಿದರೆ, ಈ ಪುಣ್ಯಾತ್ಮ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ, ಹಿಮ್ಮಡಿಗೆ ಕಚ್ಚಿದ್ದ ಉಂಬಳ (ಜಿಗಣೆ) ಕೀಳುತ್ತಾ ಕೂತಿದ್ದ. ಬಾಗಿಲು ತೆರೆದಿದ್ದರೆ ಗಾಡಿ ಏಳುವುದಿಲ್ಲ, ಇಳಿಯುವುದೂ ಇಲ್ಲ. "ಬಾಗಿಲು ಹಾಕೋ ಮಾರಾಯ" ಅಂದೆ. ಹಾಕಿದ. ಹಿಂದಿನಿಂದ ನಿಧಾನಕ್ಕೆ ಏಳತೊಡಗಿತು. ಉಂಬಳ ಮಾತ್ರ ಗಾಡಿಯೊಳಗೇ ಉಳಿಯಿತು, ಅದು ಬೇರೆ ಕಥೆ.

ಎದ್ದರೂ ಪೂರ್ತಿ ಬಿಡಲಿಲ್ಲ. ಇಂಥಲ್ಲಿ ಇನ್ನೊಂದು ಸೌಲಭ್ಯ ಕೆಲಸಕ್ಕೆ ಬರುತ್ತದೆ. ಹೊಟ್ಟೆ ನೆಲಕ್ಕೆ ಕೂತಿದೆ ಅಂತ ಕಂಪ್ಯೂಟರಿಗೆ ಗೊತ್ತಾದರೆ ಅದು ತಾನಾಗಿಯೇ ಆಫ್-ರೋಡ್ ಎತ್ತರಕ್ಕಿಂತ ಇನ್ನೂ ಮೇಲೆ ಎತ್ತಲು ನೋಡುತ್ತದೆ. ಇದಕ್ಕೆ ಎಕ್ಸ್‌ಟೆಂಡೆಡ್ ಮೋಡ್ ಅಂತಾರೆ. ಇದನ್ನು ನಾವಾಗಿ ಆರಿಸಿಕೊಳ್ಳಲು ಬರುವುದಿಲ್ಲ. ಅದು ಶುರುವಾದ ಮೇಲೂ ಸಾಲದಿದ್ದರೆ, ಬ್ರೇಕ್ ಒತ್ತಿ ಹಿಡಿದು ಸ್ವಿಚ್ಚನ್ನು ಮೇಲ್ಮುಖವಾಗಿ ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯಿರಿ, ಟಿಂಗ್ ಅಂತ ಸದ್ದು ಬರುತ್ತದೆ, ಇನ್ನೂ ಒಂಚೂರು ಏಳುತ್ತದೆ. ಆಗ ಚಕ್ರಗಳು ಕೆಳಗೆ ಚಾಚಿಕೊಂಡು ನಿಂತಿರುತ್ತವೆ, ಸಸ್ಪೆನ್ಷನ್ ಅನ್ನುವುದು ಹೆಚ್ಚು ಕಡಿಮೆ ಇರುವುದೇ ಇಲ್ಲ. ಬಂದ ದಾರಿಯಲ್ಲೇ ನಿಧಾನಕ್ಕೆ ಹಿಂದೆ ಬನ್ನಿ. ಮುಂದೆ ನುಗ್ಗುವ ಶೌರ್ಯ ಬೇಡ. ನಾವು ಚಕ್ರದ ಕೆಳಗೆ ಒಂದಿಷ್ಟು ಕಲ್ಲು ತುರುಕಿ ಹಾಗೇ ಹೊರಗೆ ಬಂದೆವು.

ಎತ್ತಿದ ಮೇಲೆ ಓಡಿಸುವುದು ಬೇರೆ ಥರ. ಗಾಡಿ ಗಡುಸಾಗುತ್ತದೆ. ಚಕ್ರಕ್ಕೆ ಕೆಳಗೆ ಇಳಿಯಲು ಉಳಿದಿರುವ ಜಾಗ ಕಡಿಮೆ, ಹಾಗಾಗಿ ಗುಂಡಿಗೆ ಇಳಿದಾಗ ಟಕ್ ಅಂತ ಬಡಿಯುತ್ತದೆ. ಡ್ರೈವ್ ಶಾಫ್ಟುಗಳು ಓರೆಯಾಗಿರುತ್ತವೆ, ಆ ಸ್ಥಿತಿಯಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಶಾಫ್ಟಿನ ತುದಿಯ ಬಾಗುವ ಕೀಲಿಗೆ (ಸಿವಿ ಜಾಯಿಂಟ್) ಹೊಡೆತ. ಭಾರದ ಕೇಂದ್ರವೂ ಮೇಲೆ ಹೋಗಿರುತ್ತದೆ. ಪಕ್ಕಕ್ಕೆ ವಾಲಿದ ಇಳಿಜಾರಿನಲ್ಲಿ ಅಡ್ಡಡ್ಡ ಹೋಗಬೇಕಾದರೆ, ಕೆಳಗೆ ಕಲ್ಲು ಕೊರಡು ಇಲ್ಲ ಅಂದರೆ, ನಾನು ಮಾಮೂಲಿ ಎತ್ತರಕ್ಕೆ ಇಳಿಸಿಯೇ ಹೋಗುವುದು. ಮೂರು ಬೆರಳು ಕ್ಲಿಯರೆನ್ಸಿಗಿಂತ ಮಗುಚಿಕೊಳ್ಳದಿರುವುದು ಮುಖ್ಯ. ಇನ್ನು ವೇಗ. ಗಂಟೆಗೆ 50 ಕಿ.ಮೀ. ದಾಟಿದರೆ ಗಾಡಿ ತಾನೇ ಕೆಳಗಿಳಿಯುತ್ತದೆ. ತೋಟದಿಂದ ಡಾಂಬರು ರಸ್ತೆಗೆ ಬಂದು ಮರೆತು ಒತ್ತಿದರೆ ಅದು ಇಳಿಯುತ್ತದೆ, ಪರವಾಗಿಲ್ಲ. ಆದರೆ ಮತ್ತೆ ಮಣ್ಣಿನ ರಸ್ತೆಗೆ ತಿರುಗಿದಾಗ ಇನ್ನೂ ಮೇಲೇ ಇದೆ ಅಂದುಕೊಂಡು ನುಗ್ಗಬೇಡಿ.

ಟೈರ್ ಗಾಳಿ ಕಡಿಮೆ ಮಾಡುವ ಅಭ್ಯಾಸ ಇದ್ದರೆ ಮಾಡಿ, ಹಿಡಿತಕ್ಕೆ ಒಳ್ಳೆಯದು. ಆದರೆ ಟೈರ್ ಚಪ್ಪಟೆಯಾದಷ್ಟೂ ಕ್ಲಿಯರೆನ್ಸ್ ಚೂರು ಹೋಗುತ್ತದೆ ಅನ್ನುವುದು ಲೆಕ್ಕದಲ್ಲಿರಲಿ.

ಹಳ್ಳ ದಾಟುವುದಾದರೆ: ಆಫ್-ರೋಡ್ ಎತ್ತರದಲ್ಲಿ ಕಂಪನಿ ಹೇಳುವ ಮಿತಿ 700 ಮಿ.ಮೀ. ಯಾರೂ ಟೇಪು ಹಿಡಿದು ಹಳ್ಳಕ್ಕೆ ಇಳಿಯುವುದಿಲ್ಲ. ನನ್ನ ಅಳತೆ ಮೊಣಕಾಲು, ಅದರ ಮೇಲೆ ಒಂದು ಗೇಣು. ಅಲ್ಲಿಯವರೆಗೆ ನೀರು ಬಂದರೆ ನಾನು ವಾಪಸ್. ಹರಿಯುವ ನೀರಾದರೆ ಮೊಣಕಾಲಿಗೇ ವಾಪಸ್. ನೀರಿಗೆ ಇಳಿಯುವ ಮುಂಚೆ ಪೂರ್ತಿ ಎತ್ತಿ ಮುಗಿಸಿ, ಕಂಪ್ರೆಸರ್ ಸದ್ದು ನಿಲ್ಲುವ ತನಕ ಕಾಯಿರಿ. ಬಿಸಿ ಕಂಪ್ರೆಸರನ್ನು ತಣ್ಣೀರಿಗೆ ಅದ್ದುವುದು ಅದರ ಆಯಸ್ಸಿಗೆ ಒಳ್ಳೆಯದಲ್ಲ. ಹೊಸ ಡಿಫೆಂಡರ್ ಇರುವವರು 900 ಮಿ.ಮೀ. ತನಕ ಹೋಗಬಹುದು, ಅವರ ಲೆಕ್ಕ ಬೇರೆ. ಅಂದಹಾಗೆ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಹಳ್ಳ ಯಾರದ್ದು ಅಂತ ಮೊದಲು ಕೇಳಿಕೊಳ್ಳಿ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಏರ್ ಸಸ್ಪೆನ್ಷನ್ ಮೇಲೆ ಎದ್ದು ನಿಂತಿರುವ ಗಾಡಿಯ ಅಡಿಗೆ ನುಸುಳಬೇಡಿ. ಅದನ್ನು ಹಿಡಿದು ನಿಲ್ಲಿಸಿರುವುದು ಬರೀ ಗಾಳಿ. ಪೈಪ್ ಬಿಚ್ಚಿಕೊಂಡರೆ, ಒಳಗಿದ್ದವರು ಯಾರೋ ಸ್ವಿಚ್ ಮುಟ್ಟಿದರೆ ಎರಡೂವರೆ ಟನ್ ಮೈಮೇಲೆ. ಅಡಿಗೆ ಹೋಗಲೇಬೇಕಾದರೆ ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡು, ಷಾಸಿಗೆ ಸ್ಟ್ಯಾಂಡ್ ಕೊಟ್ಟೇ ಹೋಗಿ. ಪಂಚರ್ ಆದಾಗಲೂ ಅಷ್ಟೇ: ಮೊದಲು ಆಫ್-ರೋಡ್ ಎತ್ತರಕ್ಕೆ ಏರಿಸಿ, ಎಂಜಿನ್ ಆರಿಸಿ, ಆಮೇಲೆ ಜಾಕ್ ಇಡಿ.

ಇಳಿಸುವುದಕ್ಕೆ ಸ್ವಿಚ್ ಕೆಳಗೆ ತಳ್ಳಿದರೆ ಆಯಿತು. ಅದಕ್ಕೂ ಮುಂಚೆ ಒಮ್ಮೆ ಇಳಿದು ಅಡಿಯಲ್ಲಿ ನೋಡಿ. ಕಡಿದ ಸಿಲ್ವರ್ ಓಕ್ ಮರದ ಮೋಟು ಸರಿಯಾಗಿ ಹೊಟ್ಟೆಯ ಕೆಳಗಿದ್ದರೆ ಗಾಡಿ ಅದರ ಮೇಲೆ ಕೂರುತ್ತದೆ. ಮೇಲೆ ಕೆಳಗೆ ಆಟ ಆಡಿಸಬೇಡಿ. ನಾಲ್ಕಾರು ಸಲ ಬೆನ್ನು ಬೆನ್ನಿಗೆ ಮಾಡಿದರೆ ಕಂಪ್ರೆಸರ್ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಅದು ಕೆಟ್ಟಿರುವುದಿಲ್ಲ, ಆರಲು ಬಿಡಿ.

ಮನೆಗೆ ಬಂದ ಮೇಲೆ ಚಕ್ರದ ಒಳಭಾಗ ತೊಳೆಯಿರಿ. ಎಲ್ಲರೂ ಬಾನೆಟ್ಟು ಬಾಗಿಲು ಹೊಳೆಯುವ ಹಾಗೆ ತೊಳೆದು ಫೋಟೊ ಹಾಕುತ್ತಾರೆ, ಸೆನ್ಸರ್ ಕಡ್ಡಿಯ ಮೇಲೆ ಕೆಂಪು ಮಣ್ಣು ಒಣಗಿ ಇಟ್ಟಿಗೆಯಾಗಿರುತ್ತದೆ. ಪ್ರೆಷರ್ ವಾಷರ್ ನೇರ ಹಿಡಿಯಬೇಡಿ, ಸಾದಾ ಪೈಪಿನ ನೀರು ಸಾಕು. ಕಡ್ಡಿಯ ತುದಿಯ ಗುಂಡು ಕಳಚಿದ್ದರೆ ಆ ಮೂಲೆಯ ಎತ್ತರ ಕಂಪ್ಯೂಟರಿಗೆ ತಪ್ಪಾಗಿ ಹೋಗುತ್ತದೆ, ಗಾಡಿ ಒಂದು ಕಡೆ ಸೊಟ್ಟಗೆ ನಿಲ್ಲುತ್ತದೆ. ಸೆನ್ಸರಿಗೆ ಅಳತೆ ಬದಲಿಸಿದ ಕಡ್ಡಿ ಹಾಕಿ ಗಾಡಿಯನ್ನು ಸದಾ ಎತ್ತರದಲ್ಲೇ ಇಡುವ ಚಾಳಿಯೂ ಇದೆ. ನನಗೆ ಇಷ್ಟವಿಲ್ಲ. ವೀಲ್ ಅಲೈನ್‌ಮೆಂಟ್ ಕೆಡುತ್ತದೆ, ಟೈರ್ ಬೇಗ ಸವೆಯುತ್ತದೆ, ಹೈವೇಯಲ್ಲಿ ಗಾಡಿ ತೂಗಾಡುತ್ತದೆ.

ಸಸ್ಪೆನ್ಷನ್ ಫಾಲ್ಟ್, ನಾರ್ಮಲ್ ಹೈಟ್ ಓನ್ಲಿ ಅಂತ ಪರದೆಯಲ್ಲಿ ಬಂದರೆ ಗಾಡಿ ಎತ್ತರ ಬದಲಿಸುವುದಿಲ್ಲ, ಆದರೆ ಓಡುತ್ತದೆ. ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡಿ. ಹೋಗದಿದ್ದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಮೆಕ್ಯಾನಿಕ್ ಹತ್ತಿರ ಓದಿಸಿ. ನನಗೆ ಬಂದಿದ್ದು ಸಿ1ಎ20, ಟ್ಯಾಂಕಿಗೆ ಗಾಳಿ ತುಂಬುವುದು ನಿಧಾನ ಅಂತ. ಒಬ್ಬ ಮೆಕ್ಯಾನಿಕ್ ನೋಡಿದ ತಕ್ಷಣ ಕಂಪ್ರೆಸರ್ ಬದಲಿಸಿ ಅಂದ. ಬದಲಿಸುವ ಮುಂಚೆ ಸೋಪಿನ ನೀರು ಸ್ಪ್ರೇ ಬಾಟಲಿಗೆ ತುಂಬಿ ಗಾಳಿ ಪೈಪುಗಳ ಜೋಡಣೆಗೆಲ್ಲ ಹೊಡೆಯುತ್ತಾ ಬಂದೆ. ಮುಂದಿನ ಎಡಗಡೆ ಗಾಳಿಚೀಲದ ಸ್ಟ್ರಟ್ಟಿಗೆ ಪೈಪ್ ಸೇರುವಲ್ಲಿ ಪುಟ್ಟ ಪುಟ್ಟ ಗುಳ್ಳೆ ಎದ್ದವು. ಆ ಸೋರಿಕೆ ತುಂಬಿಸಲು ಕಂಪ್ರೆಸರ್ ತಿಂಗಳುಗಟ್ಟಲೆ ಹಗಲೂ ರಾತ್ರಿ ದುಡಿದಿತ್ತು. ಜೋಡಣೆ ಸರಿ ಮಾಡಿಸಿ, ಕಂಪ್ರೆಸರಿನ ಏರ್ ಫಿಲ್ಟರ್ ಬದಲಿಸಿದ ಮೇಲೆ ಕೋಡ್ ಮತ್ತೆ ಬಂದಿಲ್ಲ, ಏರುವ ಲೆಕ್ಕವೂ ಹಳೇ 20 ಸೆಕೆಂಡಿಗೇ ಬಂತು.