ಉಪಗ್ರಹ ಚಿತ್ರದಲ್ಲಿ ನಿಮ್ಮ ತೋಟ ಓದುವುದು ಹೇಗೆ?

ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ಉಪಗ್ರಹ ಚಿತ್ರ ತೆರೆದು ನೋಡುವ ಕೃಷಿಕರು ಈಗ ಕಾಣಸಿಗುತ್ತಾರೆ. ಅಡಿಕೆತೋಟ ಕಡುಕೆಂಪಾಗಿ ಕಂಡದ್ದೇ ತಡ, ಒಣಗಿಹೋಯಿತೆಂದು ಗಾಬರಿ. ನಿಜಸಂಗತಿ ತದ್ವಿರುದ್ಧ.

ಹಂತ 1: ಕಂಪ್ಯೂಟರಿನಲ್ಲಿ ಕೋಪರ್ನಿಕಸ್ ಬ್ರೌಸರ್ ಎಂಬ ಯುರೋಪಿನ ಉಪಗ್ರಹ ಚಿತ್ರಗಳ ಜಾಲತಾಣ ತೆರೆದು, ಊರು ಹುಡುಕಿ, 'ಸೆಂಟಿನೆಲ್-2 ಎಲ್2ಎ' (ಸೆಂಟಿನೆಲ್-2 ಉಪಗ್ರಹದ ಚಿತ್ರ) ಆರಿಸಿ. ಉಚಿತ.

ಹಂತ 2: ಜನವರಿಯಿಂದ ಮಾರ್ಚ್‌ವರೆಗಿನ, ಮೋಡವಿಲ್ಲದ ದಿನ ಆರಿಸಿ.

ಹಂತ 3: 'ಫಾಲ್ಸ್ ಕಲರ್' ಒತ್ತಿ. ಜನ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಸೂರ್ಯನಿಂದ ಬರುವ ವಿದ್ಯುತ್ಕಾಂತೀಯ ಶಕ್ತಿಯಲ್ಲಿ ನಮ್ಮ ಕಣ್ಣಿಗೆ ದಕ್ಕುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು ಮಾತ್ರ. ಎಲೆಯ ಹರಿತ್ತು 665 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಆದರೆ 842ರ ಸುಮಾರಿನ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು ಎಲೆಯೊಳಗಿನ ಕೋಶರಚನೆ ಹೆಚ್ಚಿನ ಪ್ರಮಾಣದಲ್ಲಿ ಹಿಂದಕ್ಕೆ ಚೆಲ್ಲುತ್ತದೆ. ಕಣ್ಣಿಗೆ ಕಾಣದ ಆ ಅವಕೆಂಪಿಗೆ ಪರದೆಯ ಮೇಲೆ ಕೆಂಪು ಬಣ್ಣ ಕೊಟ್ಟಿದ್ದಾರೆ, ಅಷ್ಟೆ. ಹಾಗಾಗಿ ಕೆಂಪು ಗಾಢವಾದಷ್ಟೂ ಹಸಿರು ದಟ್ಟ. ಚಂದ್ರಗಿರಿ ಹೊಳೆ ಕಪ್ಪಾಗಿ ಕಾಣುವುದು ನೀರು ಅವಕೆಂಪನ್ನು ನುಂಗುವುದರಿಂದ.

ಹಂತ 4: ಹೋಲಿಸುವಾಗ ಈ ಮಾರ್ಚ್‌ನ ಚಿತ್ರದ ಪಕ್ಕ ಕಳೆದ ಮಾರ್ಚ್‌ನದನ್ನೇ ಇಡಿ. ಮುರಕಲ್ಲಿನ ಪದವು (ಬಯಲು ಗುಡ್ಡ) ಮಳೆ ಮುಗಿಯುವ ಹೊತ್ತಿಗೆ ಹುಲ್ಲಿನಿಂದ ಕೆಂಪೇರುತ್ತದೆ, ಬೇಸಗೆಯಲ್ಲಿ ಬೂದು. ಅಕ್ಟೋಬರನ್ನು ಮಾರ್ಚ್‌ಗೆ ಹೋಲಿಸಿ 'ಹಸಿರು ನಾಶವಾಯಿತು' ಎನ್ನಬೇಡಿ.

ಬೆಳೆಯ ಆರೋಗ್ಯವನ್ನು ಶೇಕಡಾವಾರು ಹೇಳುತ್ತೇವೆಂದು ದುಡ್ಡು ಕೇಳುವ ಆ್ಯಪ್‌ಗಳು ಬೇಡವೇ ಬೇಡ. ಈ ಚಿತ್ರದ ಒಂದು ಚೌಕ (ಪಿಕ್ಸೆಲ್) 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಸುಮಾರು ಎರಡೂವರೆ ಸೆಂಟ್ಸ್. ಒಂಬತ್ತು ಅಡಿ ಅಂತರದ ತೋಟವಾದರೆ ಅದರೊಳಗೆ ಹದಿಮೂರು ಮರ, ಜತೆಗೆ ಬುಡದ ಹುಲ್ಲು, ನಡುವಿನ ಬಾಳೆ. ಒಂದೆರಡು ಮರಕ್ಕೆ ತಗಲಿದ ಹಳದಿ ಎಲೆ ರೋಗ ಅದರಲ್ಲಿ ಕರಗಿಹೋಗುತ್ತದೆ. ನಮ್ಮ ಗುಡ್ಡಗಳಿಗೆ ಅಡ್ಡಲಾಗಿ ಕೊರೆಯುವ ಸುರಂಗದ ನೀರನ್ನು ಹುಡುಕುವ ಆಸೆಯನ್ನೂ ಬಿಡಿ. ಈ ಬೆಳಕು ಮಣ್ಣಿನೊಳಗೆ ಇಳಿಯುವುದಿಲ್ಲ. ಬಣ್ಣ ಮಸುಕಾದ ಜಾಗವನ್ನು ಗುರುತಿಸಿಕೊಂಡು ಅಲ್ಲಿಗೆ ನಡೆದೇ ಹೋಗಿ ನೋಡಿ.

ಹಂತ 5, ಮಳೆಗಾಲಕ್ಕೆ: ಸೆಂಟಿನೆಲ್-1 ಎಂಬ ರೇಡಾರ್ ಉಪಗ್ರಹ. ಅದು ಸೂರ್ಯನ ಬೆಳಕಿಗೆ ಕಾಯದೆ ಸುಮಾರು ಐದೂವರೆ ಸೆಂಟಿಮೀಟರ್ ತರಂಗಾಂತರದ ಮೈಕ್ರೋತರಂಗವನ್ನು ತಾನೇ ಕಳಿಸಿ, ಮರಳಿದ್ದನ್ನು ಅಳೆಯುತ್ತದೆ. ಮೋಡ ಅಡ್ಡಿಯಲ್ಲ. ನಿಶ್ಚಲ ನೀರು ತರಂಗವನ್ನು ಆಚೆ ಹಾರಿಸುವುದರಿಂದ ನೆರೆ ನಿಂತ ಗದ್ದೆ ಕಪ್ಪಾಗಿ ಕಾಣುತ್ತದೆ. ಮರಗಳ ಅಡಿಯಲ್ಲಿ ನಿಂತ ನೀರು ಮಾತ್ರ ಹಾಗೆ ಕಾಣದು. ತೋಟಕ್ಕೆ ನೆರೆ ನುಗ್ಗಿದೆಯೇ ಎಂದು ತಿಳಿಯಲು ಇದನ್ನು ನಂಬಬೇಡಿ.