ಹಾಳೆಯ ಹಿಂಬದಿಯನ್ನು ಓದಲು ಕಲಿತ ಬಗೆ

ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದ ನಾನು ಹನ್ನೆರಡು ವರ್ಷಗಳಿಂದ ಮಂಗಳೂರಿನ ಬಿಜೈಯ ನಮ್ಮ ಹಂಚಿನ ಮನೆಯಲ್ಲಿ, ಪ್ರಾಣಿಪಕ್ಷಿಗಳ ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬಿದ ಹಳೆಯ ಪುಸ್ತಕಗಳನ್ನು ಕೂಡಿಸಿ ಕಾಪಾಡುತ್ತಿದ್ದೇನೆ. ಜಾನ್ ಗೌಲ್ಡ್ 1831–32ರಲ್ಲಿ ಹೊರತಂದ ಹಿಮಾಲಯದ ಹಕ್ಕಿಗಳ 80 ಚಿತ್ರಗಳ ಗ್ರಂಥದಂಥವು ಶಿಕ್ಷಕನ ಸಂಬಳಕ್ಕೆ ದಕ್ಕುವಂಥವಲ್ಲ. ನನಗೆ ದಕ್ಕಿದ್ದು ಎಡಿನ್‌ಬರೋದಲ್ಲಿ ವಿಲಿಯಂ ಜಾರ್ಡಿನ್ ಸಂಪಾದಿಸಿ, ಲಿಝಾರ್ಸ್ ಉಕ್ಕಿನ ತಗಡಿನಲ್ಲಿ ಕೊರೆದು, 1833ರಿಂದ 1843ರವರೆಗೆ 40 ಸಂಪುಟಗಳಲ್ಲಿ ಬಂದ ಸಣ್ಣ ಆಕಾರದ ಪುಸ್ತಕಮಾಲೆಯ ಕೆಲವು ಬಿಡಿ ಸಂಪುಟಗಳು. ಸಾಮಾನ್ಯ ಓದುಗರಿಗೂ ಎಟುಕಬೇಕೆಂದೇ ಆ ಮಾಲೆಯನ್ನು ಸಣ್ಣದಾಗಿ, ಕಡಿಮೆ ಬೆಲೆಗೆ ಮಾಡಿದ್ದರು. ಬಹುತೇಕ ಚಿತ್ರಗಳಲ್ಲಿ ಪ್ರಾಣಿಗೆ ಮಾತ್ರ ಬಣ್ಣವಿದ್ದು, ಹಿಂದಿನ ಗಿಡ, ಬೆಟ್ಟ, ನೀರೆಲ್ಲ ಕಪ್ಪು ಗೆರೆಗಳಲ್ಲೇ ಉಳಿದಿರುತ್ತವೆ.

ನಾನು ಮೊದಲು ಕೊಂಡದ್ದು 1843ರ ಸೂರಕ್ಕಿಗಳ ಸಂಪುಟ. ನಮ್ಮ ಅಂಗಳದ ದಾಸವಾಳಕ್ಕೆ ಬೆಳಗಾದರೆ ಬರುವ ಹಕ್ಕಿಯ ಬಂಧುಗಳು ಅದರಲ್ಲಿದ್ದುದೇ ಆ ಆಯ್ಕೆಗೆ ಕಾರಣ. ಅದೇ 1843ರಲ್ಲಿ ನಮ್ಮೂರಿನ ಬಾಸೆಲ್ ಮಿಷನ್ನಿನವರು ಕಲ್ಲಚ್ಚಿನಲ್ಲಿ (ಲಿಥೋಗ್ರಾಫ್) ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅಚ್ಚುಹಾಕಲು ತೊಡಗಿದರು, ಮದ್ರಾಸಿನಲ್ಲಿ ಪಕ್ಷಿತಜ್ಞ ಜೆರ್ಡನ್ ಭಾರತೀಯ ಕಲಾವಿದರಿಂದ ಬರೆಯಿಸಿದ 50 ಹಕ್ಕಿಚಿತ್ರಗಳು, ಕಲ್ಲಚ್ಚಿನ ಮೇಲೆ ಕೈಬಣ್ಣ ಹೊತ್ತು, 1843–47ರ ನಡುವೆ ಕಂತುಕಂತಾಗಿ ಹೊರಬರತೊಡಗಿದ್ದೂ ಆಗಲೇ. ಈ ಮೂರೂ ಒಂದೇ ಕಾಲದವೆಂದು ತಿಳಿದ ದಿನ ನನಗೆ ಈ ಪುಸ್ತಕಗಳು ದೂರದ ವಸ್ತುಗಳೆಂಬ ಭಾವನೆ ಹೊರಟುಹೋಯಿತು.

ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಹಿಡಿದು, ಬಡಗಣ ಕಿಟಕಿಯ ಬೆಳಕಿನಲ್ಲಿ ಆ ಸಂಪುಟದ ಒಂದು ಗಂಡು ಸೂರಕ್ಕಿಯನ್ನು ಇಡೀ ಮಧ್ಯಾಹ್ನ ನೋಡಿದ್ದು ನೆನಪಿದೆ. ಕೊರೆದ ಗೆರೆಗಳು ಕೂದಲಿನಷ್ಟು ತೆಳ್ಳಗೆ, ಶಾಯಿ ಕಾಗದದಿಂದ ತುಸು ಮೇಲೆದ್ದಂತೆ ಕಾಣುತ್ತಿದ್ದವು. ಅವುಗಳ ಮೇಲೆ ಹರಿದ ಜಲವರ್ಣ ರೆಕ್ಕೆಯ ಅಂಚಿನಲ್ಲಿ ಗೆರೆ ದಾಟಿ ಎಳ್ಳುಕಾಳಿನಷ್ಟು ಹೊರಚೆಲ್ಲಿತ್ತು. ಗಂಟಲಿನ ಕಡುನೀಲಿಯ ಮೇಲೆ ಮಾತ್ರ ಹೊಳಪಿನ ಲೇಪವಿದ್ದು, ಓರೆಯಾಗಿ ಹಿಡಿದರೆ ಅದರಲ್ಲಿ ಸೂಕ್ಷ್ಮವಾದ ಬಿರುಕುಗಳು ಕಾಣಿಸಿದವು, ಅದು ಗೋಂದು. ಕಣ್ಣಿಗೆ, ಗರಿಯ ಮಿಂಚಿಗೆ ಗೋಂದಿನ ನೀರನ್ನು ಸವರುವುದು ಅಂದಿನ ವಾಡಿಕೆ. ಮಾದರಿಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಸಾಲಾಗಿ ಕುಳಿತ ಕೆಲಸಗಾರರು, ಎಷ್ಟೋ ಕಡೆ ಹೆಂಗಸರು ಮತ್ತು ಮಕ್ಕಳು, ಪ್ರತಿಯೊಂದು ಪ್ರತಿಗೂ ಹೀಗೆ ಕೈಯಿಂದಲೇ ಬಣ್ಣ ಹಾಕುತ್ತಿದ್ದರು. ಆದ್ದರಿಂದಲೇ ಒಂದರಂತೆ ಇನ್ನೊಂದು ಪ್ರತಿ ಇರುವುದಿಲ್ಲ. ಹ್ಯೂಮ್ ಮತ್ತು ಮಾರ್ಷಲ್ 1879–81ರಲ್ಲಿ ತಂದ ಬೇಟೆಹಕ್ಕಿಗಳ ಗ್ರಂಥದ ಹೊತ್ತಿಗೆ ಬಣ್ಣವೂ ಅಚ್ಚಿನಿಂದಲೇ ಬರುತ್ತಿತ್ತು. ಅಂಥ ಬಣ್ಣದಚ್ಚು ಮಸೂರದಡಿಯಲ್ಲಿ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಕುಂಚದ ಬಣ್ಣ ನೀರಿನಂತೆ ಹರಡಿ, ಅಂಚಿನಲ್ಲಿ ಗಾಢವಾಗಿ ನಿಲ್ಲುತ್ತದೆ.

ಇಷ್ಟು ತಿಳಿದರೆ ಸಾಕೆಂದು ನಂಬಿ ನಾನು ಮೋಸಹೋದೆ. ಅಂಚೆಯಲ್ಲಿ ತರಿಸಿದ ಒಂದು ಸಂಪುಟವನ್ನು ಮಾರಾಟಗಾರರು ‘ಮೂಲ ಕೈಬಣ್ಣ’ ಎಂದೇ ಕೊಟ್ಟಿದ್ದರು. ಬಣ್ಣವೇನೋ ಕೈಯದ್ದೇ; ಆದರೆ ನೂರೈವತ್ತು ವರ್ಷ ತಡವಾಗಿ ಬಂದ ಕೈಯದು. ಬಣ್ಣವಿಲ್ಲದ ಪ್ರತಿಗಳಿಗೆ ಈಚೆಗೆ ಬಣ್ಣ ತುಂಬಿ ಹೆಚ್ಚಿನ ಬೆಲೆಗೆ ಮಾರುವುದುಂಟು. ಅದು ತಿಳಿದದ್ದು ಹಾಳೆಯನ್ನು ಮಗುಚಿ ನೋಡಿದಾಗ. ಹೊಸ ಕಾಗದಕ್ಕೆ ಸರೇಸಿನ, ಅಂದರೆ ಅಂಟಿನ, ಲೇಪವಿರುವುದರಿಂದ ಆ ಕಾಲದಲ್ಲೇ ಹಾಕಿದ ಬಣ್ಣ ಮೇಲ್ಮೈಯಲ್ಲಿ ನಿಲ್ಲುತ್ತದೆ. ವಯಸ್ಸಾದಂತೆ, ಅದರಲ್ಲೂ ಕಂದು ಚುಕ್ಕೆ ಬಿದ್ದ ಕಡೆ, ಆ ಲೇಪ ಸಡಿಲಗೊಂಡು ಕಾಗದ ಒತ್ತುಕಾಗದದಂತೆ ಹೀರತೊಡಗುತ್ತದೆ. ನನ್ನ ಸಂಪುಟದ ಗಿಳಿಯೊಂದರ ಎದೆಯ ಹಿಂಬದಿಯಲ್ಲಿ, ಚುಕ್ಕೆಯಿದ್ದ ಜಾಗದಲ್ಲೆಲ್ಲ, ಹಸಿರು ಒಸರಿ ಬಂದಿತ್ತು. ಎದುರುಪುಟದಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷ ಒತ್ತಿ ಕುಳಿತ ಬಣ್ಣದ ಮಸುಕು ನೆರಳೂ ಇರಲಿಲ್ಲ. ಹದಿನೆಂಟನೆಯ ಶತಮಾನದ ಹಾಳೆಗಳಲ್ಲಿ ಇನ್ನೂ ಒಂದು ಗುರುತು ಸಿಗುತ್ತದೆ: ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಾಲಕ್ರಮೇಣ ಕಾಗದವನ್ನೇ ಸುಡುತ್ತದಾದ್ದರಿಂದ, ಎಲೆಯ ಆಕಾರ ಹಿಂಬದಿಯಲ್ಲಿ ಕಂದಾಗಿ ಮೂಡಿರುತ್ತದೆ. ಈಗ ನಾನು ಯಾವ ಹಾಳೆಯನ್ನೇ ಆಗಲಿ, ಹಿಂಬದಿಯ ಚಿತ್ರವನ್ನೂ ಕಳಿಸಿಕೊಡುವವರಿಂದ ಮಾತ್ರ ಕೊಳ್ಳುತ್ತೇನೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಅಂತರ್ಜಾಲ ಪ್ರತಿ ಸಿಕ್ಕಿದರೆ ಅದರೊಂದಿಗೂ ಹೋಲಿಸುತ್ತೇನೆ.

ಮೀನುಗಳ ವಿಷಯ ಬೇರೆ. ನಮ್ಮ ಬಂದರಿನಲ್ಲಿ ದಿನವೂ ಕಾಣುವ ಕಪ್ಪು ಮಾಂಜಿಗೆ 1795ರಲ್ಲಿ ಶಾಸ್ತ್ರೀಯ ಹೆಸರಿಟ್ಟ ಬರ್ಲಿನ್ನಿನ ವೈದ್ಯ ಬ್ಲಾಕ್, ತನ್ನ 432 ಮೀನುಚಿತ್ರಗಳಲ್ಲಿ ಹಲವಕ್ಕೆ ಹುರುಪೆಯ ಹೊಳಪು ಬರಲೆಂದು ಚಿನ್ನ, ಬೆಳ್ಳಿ, ಕಂಚಿನ ಪುಡಿಯನ್ನು ಬಳಸಿದ. ಆ ಗ್ರಂಥದ್ದೊಂದು ಬಿಡಿಹಾಳೆ ನನ್ನಲ್ಲಿದೆ. ಬೆಳ್ಳಿ ಮಸಿಗಟ್ಟಿ ಹೊಟ್ಟೆಯ ಭಾಗ ಬೂದುಬಣ್ಣಕ್ಕೆ ತಿರುಗಿದೆ. ಅದನ್ನು ಉಜ್ಜುವ ಆಸೆಯನ್ನು ತಡೆದುಕೊಂಡಿದ್ದೇನೆ, ಏಕೆಂದರೆ ಉಜ್ಜಿದರೆ ಮಸಿಯೊಂದಿಗೆ ಬೆಳ್ಳಿಯೂ ಹೋಗುತ್ತದೆ.

ಇನ್ನು ಮಳೆಗಾಲ. ಆಟಿ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಇಲ್ಲಿನ ಗಾಳಿಯ ತೇವ ಶೇಕಡಾ 90ರ ಆಸುಪಾಸಿನಲ್ಲೇ ಇರುತ್ತದೆ. ಶೇಕಡಾ 65 ದಾಟಿದರೆ ಬೂಸು ಹಿಡಿಯಲು ಸಾಕು. ಆದ್ದರಿಂದ ಮೇ ತಿಂಗಳ ಕೊನೆಯ ಒಣ ದಿನಗಳಲ್ಲೇ ಪುಸ್ತಕಗಳನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಿಗಿಮುಚ್ಚಳದ ಪೆಟ್ಟಿಗೆಗಳಲ್ಲಿ ಸಿಲಿಕಾ ಜೆಲ್ ಹಾಗೂ ಪುಟ್ಟ ಆರ್ದ್ರತಾಮಾಪಕದೊಂದಿಗೆ ಇಡುತ್ತೇನೆ. ಮುಳ್ಳು 55ರ ಮೇಲೆ ಹೋದರೆ ಜೆಲ್ಲನ್ನು ಒಲೆಯಲ್ಲಿ ಕಾಯಿಸಿ ಮತ್ತೆ ಹಾಕುತ್ತೇನೆ. ನಮ್ಮ ಹಿರಿಯರು ಮಳೆ ಬಿಟ್ಟೊಡನೆ ಪುಸ್ತಕಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಹರಡುತ್ತಿದ್ದರು. ಕಪ್ಪು ಶಾಯಿಗೆ ಅದರಿಂದ ತೊಂದರೆಯಿರಲಿಲ್ಲ, ಆದರೆ ಕಾರ್ಮೈನ್ ಕೆಂಪಿಗೆ ಬಿಸಿಲೇ ಶತ್ರು. ಮೊದಲ ವರ್ಷ ಹಾಗೆ ಹರಡಿದ ತಪ್ಪಿಗೆ ಒಂದು ಹಕ್ಕಿಯ ಕೆನ್ನೆ ಇಂದಿಗೂ ಬಿಳಿಚಿಕೊಂಡಿದೆ.

ಮೋಸಹೋದ ಆ ಸಂಪುಟವನ್ನು ನಾನು ಮಾರಲಿಲ್ಲ, ಎಸೆಯಲೂ ಇಲ್ಲ. ಚಿತ್ರಗಳ ಕೊರೆತ ಮೂಲದ್ದೇ, ಅಷ್ಟೇ ಸೊಗಸಾದದ್ದು. ಕೊನೆಯ ಖಾಲಿ ಪುಟದಲ್ಲಿ ಮೆತುವಾದ ಪೆನ್ಸಿಲಿನಿಂದ, ‘ಬಣ್ಣ ಈಚಿನದು, ಗಿಳಿಯ ಹಾಳೆಯ ಹಿಂಬದಿ ನೋಡಿ’ ಎಂದು ಬರೆದು, ಉಳಿದವುಗಳ ಪಕ್ಕದಲ್ಲೇ ಇಟ್ಟಿದ್ದೇನೆ.